ಬೆಕ್ಕು ಮೇಸ್ತ್ರಿಯ ಕೆಂಪು ಬಟ್ಟೆ

ಹೋದ ಭಾನುವಾರ ಬೆಳಿಗ್ಗೆ ಹೋಳೂರಿನ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಜನ ಇದ್ದೆವು. ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದ ನನ್ನ ಹೆಂಡತಿ, ಅವಳಿಗೆ ಕೈಜೋಡಿಸಿದ್ದ ಸೊಸೆ, ಸ್ಕೂಟರ್ ಒರೆಸುತ್ತಿದ್ದ ಮೊಮ್ಮಗಳು, ಮತ್ತೆ ಯಾವ ಕೆಲಸಕ್ಕೂ ಬಾರದೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ ನಾನು. ಮೊಮ್ಮಗಳು ವೇಮಗಲ್ಲಿನ ಒಂದು ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಾಳೆ. ಹಿಂದಿನ ವಾರ ಗೆಳತಿಯರ ಜೊತೆ ಯಲಹಂಕಕ್ಕೆ ಹೋಗಿ ವಿಮಾನಗಳ ಹಾರಾಟ ನೋಡಿಕೊಂಡು ಬಂದಿದ್ದಳು. ಅವಳ ಸ್ಕೂಟರಿನ ಬೀಗದ ಕೈಗೆ ಒಂದು ಹೊಸ ಕೆಂಪು ಪಟ್ಟಿ ನೇತಾಡುತ್ತಿತ್ತು. ಗೇಣುದ್ದ ಬಟ್ಟೆ, ಅದರ ಮೇಲೆ ಬಿಳೀ ಅಕ್ಷರ.

"ಏನಮ್ಮ ಅದು, ದೇವಸ್ಥಾನದಲ್ಲಿ ಕೊಟ್ರಾ?" ಅಂದೆ.

"ಅಯ್ಯೋ ತಾತ, ದೇವಸ್ಥಾನದ್ದಲ್ಲ. ವಿಮಾನಕ್ಕೆ ಕಟ್ಟೋದು ಇದು. ಹಾರೋಕ್ ಮುಂಚೆ ತೆಗೀರಿ ಅಂತ ಬರ್ದಿದೆ. ತೆಗೀದೆ ಹಾರಿದ್ರೆ ಗೋವಿಂದಾ ಗೋವಿಂದ."

ಅವಳು ನಕ್ಕಳು. ನಾನು ನಗಲಿಲ್ಲ. ಎದ್ದು ಒಳಗೆ ಹೋದೆ. ಟ್ರಂಕಿನ ತಳದಲ್ಲಿ ನನ್ನ ಹಳೆಯ ಡ್ರೈವಿಂಗ್ ಲೈಸೆನ್ಸು, ಬ್ಯಾಡ್ಜು ಇಟ್ಟಿರುವ ತಗಡಿನ ಡಬ್ಬಿ ಇದೆ. ಅದರ ಮೂಲೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಅಂಗೈಯಷ್ಟು ಕರೀ ಚಿಂದಿ. ಕವರು ಬಿಚ್ಚಿದೆನೋ ಇಲ್ಲವೋ, ಹಳೇ ಗ್ರೀಸು, ಸೀಮೆಎಣ್ಣೆ, ಅದರ ಹಿಂದೆ ಎಲ್ಲೋ ಒಂಚೂರು ಬೀಡಿಯ ವಾಸನೆ... ನಾಲ್ಕು ದಶಕಗಳ ಮೇಲಾಗಿದ್ದರೂ ಮನುಷ್ಯ ಪಕ್ಕದಲ್ಲಿ ಬಂದು ಕೂತ ಹಾಗಾಯಿತು.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹಿಂದುಗಡೆ, ಮಾವಿನ ಮಂಡಿಗೆ ಹೋಗುವ ದಾರಿಯಲ್ಲಿ ಆಗ ಒಂದು ತಗಡಿನ ಶೆಡ್ಡಿತ್ತು. ನಾನು ಓಡಿಸುತ್ತಿದ್ದ ಪ್ರೈವೇಟ್ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಕೋಲಾರದಿಂದ ಶ್ರೀನಿವಾಸಪುರ, ಅಲ್ಲಿಂದ ರಾಯಲ್ಪಾಡು, ಮತ್ತೆ ಅದೇ ದಾರಿ ವಾಪಸು. ನನಗೆ ಆಗ ಇಪ್ಪತ್ತಾರು ವರ್ಷ, ಸ್ಟೇರಿಂಗ್ ಸಿಕ್ಕಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಆ ಬಸ್ಸಿನ ಬೇನೆ ಬೇಸರಿಕೆ ನೋಡಿಕೊಳ್ಳುತ್ತಿದ್ದವರು ಶೆಡ್ಡಿನ ಮೇಸ್ತ್ರಿ. ಐವತ್ತೈದರ ಆಸುಪಾಸು. ತೆಳ್ಳನೆ ಆಳು, ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್ನು, ಕಿವಿಯ ಸಂದಿಯಲ್ಲಿ ಅರ್ಧ ಸೇದಿ ಆರಿಸಿಟ್ಟ ಬೀಡಿ. ಊರಿನವರು ಅವರನ್ನು ಬೆಕ್ಕು ಮೇಸ್ತ್ರಿ ಅನ್ನುತ್ತಿದ್ದರು. ಅವರು ಬೆಕ್ಕು ಸಾಕಿದವರಲ್ಲ. ಯುದ್ಧದ ಕಾಲದಲ್ಲಿ ಬೆಕ್ಕಿನ ಹೆಸರಿನ ವಿಮಾನ ರಿಪೇರಿ ಮಾಡಿದವರು.

ಅವರ ಅಪ್ಪ ಚಿನ್ನದ ಗಣಿಯಲ್ಲಿ ಇದ್ದವರಂತೆ. ಮಗ ಅಲ್ಲೇ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಕಲಿತ. ಅಷ್ಟರಲ್ಲಿ ಯುದ್ಧ ಬಂತು. ಜಪಾನಿನವರು ಬಂದೇ ಬಿಡ್ತಾರೆ ಅಂತ ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ನಮ್ಮ ಕಡೆಯ ನೆಂಟರ ಮನೆಗಳಿಗೆ ಬಂದು ಸೇರಿದ ಕಥೆಯನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ಒಂದೊಂದು ಮನೆಯಲ್ಲಿ ಮೂರು ಮೂರು ಒಲೆ ಹೂಡಿದ್ದರಂತೆ. ಆ ಹೊತ್ತಿನಲ್ಲಿ ಕೊಯಮತ್ತೂರಿನ ಕಡೆ ಬ್ರಿಟಿಷರು ತಮ್ಮ ನೌಕಾದಳದ ವಿಮಾನಗಳನ್ನು ರಿಪೇರಿ ಮಾಡುವ ಯಾರ್ಡೊಂದನ್ನು ಹೂಡಿದರು. ಕೈಕೆಲಸ ಬಲ್ಲ ಹುಡುಗರು ಬೇಕು ಅಂದಾಗ ಮೇಸ್ತ್ರಿ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ರೈಲು ಹತ್ತಿದ್ದರು. ಆಗ ಅವರಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ.

ಆ ವಿಮಾನದ ಹೆಸರು ಹೆಲ್‌ಕ್ಯಾಟ್. "ನರಕದ ಬೆಕ್ಕು ಕಣ್ರಪ್ಪಾ" ಅಂತ ಟೀ ಅಂಗಡಿಯಲ್ಲಿ ವಿವರಿಸುತ್ತಿದ್ದರು. ಮಾಡಿದವರು ಅಮೆರಿಕಾದವರು. ಅವರಿಂದ ಕಡ ತಂದು ಹಾರಿಸುತ್ತಿದ್ದವರು ಬ್ರಿಟಿಷರು. ಅದಕ್ಕೆ ನೆಲದ ಮೇಲಿನ ನಿಲ್ದಾಣ ಬೇಕಾಗಿರಲಿಲ್ಲವಂತೆ. ನಡುಸಮುದ್ರದಲ್ಲಿ ಹೋಗುವ ಹಡಗಿನ ಬೆನ್ನ ಮೇಲಿಂದಲೇ ಹಾರುವುದು, ತಿರುಗಿ ಬಂದು ಅಲ್ಲಿಯೇ ಇಳಿಯುವುದು. ಇಳಿಯುವಾಗ ಬಾಲದ ಕೊಕ್ಕೆ ಹಡಗಿನ ಮೇಲೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿ ನಿಲ್ಲಬೇಕು. ಸಿಗದಿದ್ದರೆ ನೀರು. "ಹಡಗು ಅಂದ್ರೆ ಎಷ್ಟಿರುತ್ತೆ? ನಮ್ಮ ಮಾವಿನ ಮಂಡಿ ಇಷ್ಟುದ್ದ ಎಳೆದ್ರೆ ಅಷ್ಟು. ಅದೂ ನಿಂತ ಜಾಗದಲ್ಲಿ ನಿಲ್ಲಲ್ಲ, ಏಳುತ್ತೆ ಬೀಳುತ್ತೆ. ಅದರ ಮೇಲೆ ಇಳೀತಿದ್ರು ಆ ಹುಡುಗ್ರು, ಮೀಸೆ ಬರದ ಹುಡುಗ್ರು..."

ಮುಂದೆ ಒಂದೇ ದೊಡ್ಡ ಎಂಜಿನ್ನು, ಎರಡು ಸಾವಿರ ಕುದುರೆಯ ಬಲ. ಡ್ರೈವರಿನ ಬೆನ್ನಿಗೆ ಉಕ್ಕಿನ ಹಲಗೆ. ಜಪಾನಿನವರ ಜೀರೋ ಅನ್ನುವ ವಿಮಾನ ಬಲು ಹಗುರ, ಚಿಟ್ಟೆ ತಿರುಗಿದ ಹಾಗೆ ತಿರುಗುತ್ತಿತ್ತಂತೆ. ಆದರೆ ಒಂದೇಟು ಬಿದ್ದರೆ ಹೊತ್ತಿಕೊಂಡು ಹೋಗುತ್ತಿತ್ತು. ಈ ಬೆಕ್ಕು ಹಾಗಲ್ಲ. ಮೈಯೆಲ್ಲ ತೂತಾದರೂ ಹಡಗು ಹುಡುಕಿಕೊಂಡು ಬರುತ್ತಿತ್ತು. ಪೆಸಿಫಿಕ್ಕಿನ ಕಡೆ ಅಮೆರಿಕಾದವರ ಕೈಯಲ್ಲಿ ಅದು ಉರುಳಿಸಿದಷ್ಟು ಜಪಾನೀ ವಿಮಾನಗಳನ್ನು ಬೇರೆ ಯಾವುದೂ ಉರುಳಿಸಲಿಲ್ಲ ಅನ್ನುವುದು ಮೇಸ್ತ್ರಿಯ ಹೆಮ್ಮೆ. ನಮ್ಮ ಸಮುದ್ರದಲ್ಲಿ ಅದರ ಕೆಲಸ ಸಿಲೋನಿನಿಂದ ಹೊರಟ ಹಡಗುಗಳದ್ದು. ಅಂಡಮಾನಿನ ಕಡೆ, ಸುಮಾತ್ರಾದ ಎಣ್ಣೆ ಕಾರ್ಖಾನೆಗಳ ಕಡೆ ಬಾಂಬಿನ ವಿಮಾನಗಳು ಹೋಗುವಾಗ ಇವು ಅಕ್ಕಪಕ್ಕ ಕಾವಲು ಹೋಗುತ್ತಿದ್ದವು. ಏಟು ತಿಂದವು, ಕಾಲು ಮುರಿದವು, ಕೆಲವು ಯಾರ್ಡಿಗೆ ಬರುತ್ತಿದ್ದವು. "ಅದರ ಮೈ ತೂತುಗಳಿಗೆ ತೇಪೆ ಹಾಕಿದ್ದು ಈ ಕೈ" ಅಂತ ಅಂಗೈ ತೋರಿಸುತ್ತಿದ್ದರು. ಟೀ ಅಂಗಡಿಯವನು, "ಅದೇ ಕೈಯಲ್ಲಿ ಹೋದ ತಿಂಗಳ ಬಾಕಿನೂ ಒಂದಿಷ್ಟು ಕೊಡಿ ಮೇಸ್ತ್ರಿ" ಅನ್ನುತ್ತಿದ್ದ.

ಜನ ಅವರನ್ನು ಕೇಳುತ್ತಿದ್ದದ್ದು ಒಂದೇ. "ಮೇಸ್ತ್ರೀ, ರೆಕ್ಕೆ ಮಡಚಿ ತೋರ್ಸಿ." ಹಡಗಿನಲ್ಲಿ ಜಾಗ ಕಮ್ಮಿ, ಅದಕ್ಕೇ ಆ ವಿಮಾನಕ್ಕೆ ಮಡಚುವ ರೆಕ್ಕೆ. ಮೇಸ್ತ್ರಿ ಎದ್ದು ನಿಂತು ಎರಡೂ ತೋಳು ಅಗಲಿಸುತ್ತಿದ್ದರು. ಆಮೇಲೆ ತೋಳನ್ನು ಹಾಗೇ ತಿರುವಿ, ಹಿಂದಕ್ಕೆ ಒಯ್ದು, ಪಕ್ಕೆಗೆ ಅಂಟಿಸುತ್ತಿದ್ದರು, ಥೇಟು ಮೊಟ್ಟೆಗೆ ಕೂರುವ ಕೋಳಿ. ಜನ ನಗುತ್ತಿದ್ದರು. ಮೇಸ್ತ್ರಿಯೂ ನಗುತ್ತಿದ್ದರು. ಆದರೆ ತೋಳು ಬಿಚ್ಚುವಾಗ ಒಂದು ಸಲ ಎಡತೋಳಿನ ಕಡೆ ತಿರುಗಿ ನೋಡುತ್ತಿದ್ದರು. ಆ ನೋಟದ ಒಳಗೆ ಒಂದು ಜೀವದ ಪ್ರಶ್ನೆ ಇತ್ತು ಅಂತ ನನಗೆ ತಿಳಿದದ್ದು ಆಮೇಲೆ.

ಅವರ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಒಂದು ಬಿಸ್ಕತ್ತು ಡಬ್ಬಿ. ಅದರಲ್ಲಿ ಹನ್ನೆರಡು ಕೆಂಪು ಬಟ್ಟೆಯ ಚೂರು. ಬಸ್ಸಿನಲ್ಲಿ ಯಾವ ನಟ್ಟು ಸಡಿಲಿಸಲಿ, ಯಾವ ಪೈಪು ಬಿಚ್ಚಲಿ, ಮೊದಲು ಅಲ್ಲಿಗೊಂದು ಕೆಂಪು ಚೂರು ಕಟ್ಟುವುದು. ಕೆಲಸ ಮುಗಿದು, ಬಿಗಿ ಮಾಡಿ, ಕೈಯಿಂದ ಮುಟ್ಟಿ ನೋಡಿದ ಮೇಲೇ ಅದನ್ನು ಬಿಚ್ಚಿ ಡಬ್ಬಿಗೆ ಹಾಕುವುದು. ಬಸ್ಸಿನ ಬೀಗದ ಕೈಯೂ ಅದೇ ಡಬ್ಬಿಯಲ್ಲಿ. ಹನ್ನೆರಡೂ ವಾಪಸು ಬಂದವೋ, ಕೈ ನಿಮಗೆ. ಬರಲಿಲ್ಲವೋ, ಬಸ್ಸಿನ ಸಾಹುಕಾರರೇ ಬಂದು ಕೇಳಲಿ, ಇಲ್ಲ. ಶನಿವಾರ ಶನಿವಾರ ಆ ಚೂರುಗಳನ್ನು ಸೋಪು ಹಾಕಿ ಒಗೆದು ಶೆಡ್ಡಿನ ಮುಂದಿನ ತಂತಿಗೆ ಹರಡುತ್ತಿದ್ದರು. ಬಸ್ ಸ್ಟ್ಯಾಂಡಿನ ಹೂವಿನ ಹೆಂಗಸರು, "ಯಾವ ಕೂಸಿನ ಬಟ್ಟೆ ಮೇಸ್ತ್ರಿ, ಗಂಡಾ ಹೆಣ್ಣಾ?" ಅಂತ ಕಿಚಾಯಿಸುತ್ತಿದ್ದರು.

ನನಗೂ ಅದು ತಮಾಷೆಯೇ ಆಗಿತ್ತು. ಆ ದಿನದ ತನಕ...

ಮಾವಿನ ಸುಗ್ಗಿ. ಬಸ್ಸಿನ ಮುಂದಿನ ಸ್ಪ್ರಿಂಗ್ ಪಟ್ಟಿ ಮುರಿದು ಎರಡು ದಿನ ಶೆಡ್ಡಿನಲ್ಲಿ ನಿಂತಿತ್ತು. ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ರಾಯಲ್ಪಾಡಿನ ಟ್ರಿಪ್ಪು. ನಮ್ಮ ಕಂಡಕ್ಟರು ರಾಯಲ್ಪಾಡಿನವನೇ. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಕಲಸಿ ಆಡುವವನು. ಅವನು ಬಸ್ಸು ಶೆಡ್ಡಿನ ಬಾಗಿಲಲ್ಲಿ ಇರುವಾಗಲೇ ಜನರನ್ನು ಕೂಗಿ ಕೂಗಿ ಹತ್ತಿಸಿಬಿಟ್ಟಿದ್ದ. ಐವತ್ತರ ಮೇಲೆ ಜನ ಒಳಗೆ. ಸಂತೆ ಮುಗಿಸಿದವರು, ಖಾಲಿ ಟೊಮೇಟೊ ಬುಟ್ಟಿಯವರು, ಬಾಗಿಲ ಹತ್ತಿರದ ಸೀಟಿನಲ್ಲಿ ಮಡಿಲಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಅಜ್ಜಿ. ಮೇಸ್ತ್ರಿ ಡಬ್ಬಿ ತೆಗೆದು ಎಣಿಸಿದರು. ಮತ್ತೆ ಎಣಿಸಿದರು.

"ಹನ್ನೊಂದಿದೆ" ಅಂದರು. "ಒಂದು ಬಂದಿಲ್ಲ."

ಬಸ್ಸಿನ ಅಡಿಗೆ ನುಸುಳಿದರು. ನೋಡಿದರು. ಹೊರಗೆ ಬಂದು ನೆಲ ನೋಡಿದರು, ಜೇಬು ನೋಡಿದರು, ಮತ್ತೆ ಅಡಿಗೆ ಹೋದರು. ಎಲ್ಲೂ ಕೆಂಪು ಕಾಣಲಿಲ್ಲ. ಅಷ್ಟರಲ್ಲಿ ನಮ್ಮ ನಂತರದ ಟೈಮಿನ ಬಸ್ಸಿನವನು ಸ್ಟ್ಯಾಂಡಿಗೆ ಬಂದು ಹಾರನ್ ಒತ್ತತೊಡಗಿದ. ನಮ್ಮಲ್ಲಿಂದ ನಾಲ್ಕೈದು ಜನ ಇಳಿದು ಓಡಿದರು.

"ಏಮಯ್ಯಾ ಮೇಸ್ತ್ರೀ, ಬಂಡಿ ಕದಲಾಲಾ ವದ್ದಾ, ಹೊರಡ್ಬೇಕಾ ಬೇಡ್ವಾ?" ಅಂತ ಕಂಡಕ್ಟರು ಬಾಗಿಲಿಗೆ ಬಡಿದ. "ಇನ್ನೊಂದು ಹತ್ತು ನಿಮಿಷ ಹೀಗೇ ಇದ್ರೆ ನಾನೂ ಆ ಬಸ್ಸಿಗೇ ಟಿಕೆಟ್ ತಗೊಂಡು ಊರಿಗೆ ಹೋಗ್ತೀನಿ."

ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಬೇಗ ಬಿಡಪ್ಪಾ ಬೆಕ್ಕು ಮೇಸ್ತ್ರಿ, ನನ್ನ ಕೋಳಿ ಬಿಸಿಲಿಗೆ ಬಾಯಿ ಬಿಡ್ತಾ ಐತೆ. ಸತ್ರೆ ನಿನಗೇ ಸಾರು" ಅಂದಳು. ಬಸ್ಸೆಲ್ಲ ನಕ್ಕಿತು.

ಆ ನಗು ನನ್ನ ತಲೆಗೇರಿತು. ಅವರಿಗೆ ಎಂದೂ ಏಕವಚನ ಆಡಿದವನಲ್ಲ ನಾನು. ಆ ದಿನ ಆಡಿದೆ. "ಒಂದು ಚಿಂದಿಗೆ ಐವತ್ತು ಜನಾನ ಬೇಯಿಸ್ತೀಯೇನಯ್ಯಾ? ಗಾಳಿಗೆ ಹಾರಿಹೋಗಿರುತ್ತೆ. ನಾಯಿ ಕಚ್ಕೊಂಡು ಹೋಗಿರುತ್ತೆ. ವಿಮಾನ ಮುಟ್ಟಿದೋನು ಅಂತ ಇಲ್ಲೂ ನಿನ್ನ ದೌಲತ್ತಾ? ಇದು ಬಸ್ಸು ಕಣಯ್ಯಾ, ಮೇಲಿಂದ ಬೀಳಲ್ಲ! ಕೊಡು ಬೀಗದ ಕೈ!"

ಮೇಸ್ತ್ರಿ ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದರು. ಸಿಟ್ಟಾಗಲಿಲ್ಲ. "ಬೈಯಪ್ಪ, ಬೈ. ಆದ್ರೆ ಬೀಗದ ಕೈ ಮಾತ್ರ ಕೊಡಲ್ಲ" ಅಂದರು. ಡಬ್ಬಿ ಸಮೇತ ಮೂರನೆಯ ಸಲ ಅಡಿಗೆ ಹೋದರು.

ಈ ಸಲ ಅವರು ನೋಡಲಿಲ್ಲ. ನಾನು ಬಗ್ಗಿ ನೋಡುತ್ತಿದ್ದೆನಲ್ಲ, ನನಗೆ ಚೆನ್ನಾಗಿ ನೆನಪಿದೆ. ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡರು. ಮುಂದಿನ ಆಕ್ಸಲಿನಿಂದ ಶುರು ಮಾಡಿ ಒಂದೊಂದೇ ಕೀಲನ್ನು ಬರೀ ಕೈಯಲ್ಲಿ ತಡವುತ್ತ ಬಂದರು. ಬಂದ ಕೈ ಒಂದು ಕಡೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

"ಡ್ರೈವರೇ, ಬಾಪ್ಪ ಇಲ್ಲಿ. ಇಲ್ಲಿ ಕೈ ಹಾಕು."

ಮಣ್ಣಿನಲ್ಲಿ ಮಲಗಿ ಕೈ ಹಾಕಿದೆ. ಸ್ಟೇರಿಂಗ್ ರಾಡು ಚಕ್ರದ ಕಡೆಗೆ ಸೇರುವ ಕೀಲು. ಬೆರಳಿಗೆ ಜಿಡ್ಡಿನ ಗಂಟೊಂದು ಸಿಕ್ಕಿತು. ಬಟ್ಟೆ. ಗ್ರೀಸು ಕುಡಿದು ಕುಡಿದು ಕಬ್ಬಿಣದಷ್ಟೇ ಕರ್ರಗಾಗಿದ್ದ ಕೆಂಪು ಬಟ್ಟೆ. ಅದರ ಕೆಳಗಿನ ನಟ್ಟು ನನ್ನ ಎರಡು ಬೆರಳಿಗೇ ತಿರುಗಿತು. ನಟ್ಟು ಬಿಚ್ಚಿಕೊಳ್ಳದ ಹಾಗೆ ಅಡ್ಡ ಚುಚ್ಚುವ ಪಿನ್ನು ಅಲ್ಲಿರಲೇ ಇಲ್ಲ.

ಶ್ರೀನಿವಾಸಪುರದಿಂದ ರಾಯಲ್ಪಾಡಿಗೆ ನಾವು ಹೋಗುತ್ತಿದ್ದ ದಾರಿಯಲ್ಲಿ ಒಂದು ದೊಡ್ಡ ಕೆರೆಯ ಏರಿ ಬರುತ್ತಿತ್ತು. ಏರಿಯ ಮೇಲೇ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಎರಡಾಳು ಆಳದ ಗದ್ದೆ. ಆ ವರ್ಷ ಬೇಸಗೆಯಲ್ಲೂ ಕೆರೆ ತುಂಬಿಕೊಂಡಿತ್ತು. ಅಲ್ಲಿ ಆ ನಟ್ಟು ಕಳಚಿ, ನಾನು ಸ್ಟೇರಿಂಗ್ ತಿರುಗಿಸುತ್ತಿದ್ದರೂ ಚಕ್ರ ತಿರುಗದೆ... ಮುಂದಿನದನ್ನು ನಾನು ಅಂದು ಯೋಚಿಸಲಿಲ್ಲ. ಇಂದಿಗೂ ಪೂರ್ತಿ ಯೋಚಿಸುವುದಿಲ್ಲ.

ಮೇಸ್ತ್ರಿ ನಟ್ಟು ಬಿಗಿದರು, ಪಿನ್ನು ಚುಚ್ಚಿ ಬಾಗಿಸಿದರು, ನನ್ನ ಕೈಯಲ್ಲೂ ಮುಟ್ಟಿಸಿದರು. ಹೊರಗೆ ಬಂದು ಟೈರಿನ ಮೇಲೆ ಕೂತರು. ಬೈದ ನಾನು ಬೆವರುತ್ತಿದ್ದೆ, ಅದು ಸರಿ. ಆದರೆ ಬಸ್ಸು ಉಳಿಸಿದವರ ಮುಖ ಯಾಕೆ ಬೂದಿ ಬಳಿದ ಹಾಗಿತ್ತು?

"ಮತ್ತೆ ಅದೇ ಮಾಡಿದೆನಲ್ಲಪ್ಪಾ..." ಅಂದರು. ನನಗಲ್ಲ, ತಮಗೇ. ಹಿಂದಿನ ದಿನ ಆ ಕೀಲು ಬಿಚ್ಚಿ ಗ್ರೀಸು ತುಂಬುವಾಗ ಯಾರೋ ಮಾವಿನ ಲಾರಿಯವನು ಬಂದು ಕರೆದನಂತೆ. ಹೋಗಿ ಬಂದವರು ಮುಗಿದಿದೆ ಅಂದುಕೊಂಡರು. ಇಷ್ಟು ಹೇಳಿ ಆ ಕರೀ ಚೂರನ್ನು ಅತ್ತ ಎಸೆದರು. ಒಂದು ಹೊಸ ಕೆಂಪು ಬಟ್ಟೆ ಹರಿದು ಡಬ್ಬಿಗೆ ಹಾಕಿ, ಹನ್ನೆರಡು ಎಣಿಸಿ, ಬೀಗದ ಕೈಯನ್ನು ನನಗೆ ಕೊಟ್ಟರು. "ಹೋಗಿ ಬಾ. ಏರಿ ಮೇಲೆ ನಿಧಾನ."

ಎಸೆದ ಚೂರನ್ನು ನಾನು ಎತ್ತಿ ಜೇಬಿಗೆ ಹಾಕಿಕೊಂಡೆ. ಯಾಕೆ ಅಂತ ಕೇಳಿದರೆ ಹೇಳಲಾರೆ.

ಸಾಯಂಕಾಲ ಐದಕ್ಕೆ ವಾಪಸು ಬಂದು ಬಸ್ಸು ನಿಲ್ಲಿಸಿದಾಗ ಮೇಸ್ತ್ರಿ ಇನ್ನೂ ಹಾಗೇ ಕೂತಿದ್ದರು. ಟೀ ತರಿಸಿದೆ. ತಪ್ಪಾಯ್ತು ಮೇಸ್ತ್ರಿ ಅಂದೆ. ಅವರು ಟೀ ಲೋಟ ಪಕ್ಕಕ್ಕಿಟ್ಟರು. ಟೀ ಅಂಗಡಿಯಲ್ಲಿ ಎಂದೂ ಹೇಳದ ಕಥೆಯನ್ನು ಹೇಳತೊಡಗಿದರು.

ರೆಕ್ಕೆ ಮಡಚುವ ವಿಮಾನ ಅಂದಮೇಲೆ, ಬಿಚ್ಚಿದ ರೆಕ್ಕೆಗೆ ಬೀಗ ಬೀಳಲೇಬೇಕು. ಬೀಗ ಬೀಳದೆ ಹಾರಿದರೆ ರೆಕ್ಕೆ ಆಕಾಶದಲ್ಲೇ ಮಡಚಿಕೊಳ್ಳುತ್ತದೆ. ಅದಕ್ಕೇ ರೆಕ್ಕೆ ಮಡಚುವ ಜಾಗದಲ್ಲಿ ಒಂದು ಸಣ್ಣ ಗೂಟ. ಬೀಗ ಬಿದ್ದರೆ ಗೂಟ ಒಳಗೆ ಅಡಗುತ್ತದೆ. ಬೀಳದಿದ್ದರೆ ತಲೆ ಎತ್ತಿ ನಿಲ್ಲುತ್ತದೆ. ದೂರದಿಂದಲೂ ಕಾಣಲಿ ಅಂತ ಅದಕ್ಕೆ ಕೆಂಪು ಬಣ್ಣ.

ಮೇಸ್ತ್ರಿ ಯಾರ್ಡಿಗೆ ಸೇರಿ ಹೊಸತು. ಒಂದು ಹೆಲ್‌ಕ್ಯಾಟಿನ ಎಡರೆಕ್ಕೆಗೆ ತೇಪೆ ಹಾಕಿದರು. ಬಣ್ಣ ಬಳಿಯುವವನಿಗೆ ಚಳಿಜ್ವರ. ಬಣ್ಣವನ್ನೂ ನೀನೇ ಹೊಡಿ ಅಂದರು. ಸಮುದ್ರದ ಬಣ್ಣ, ಬೂದಿಯೂ ಅಲ್ಲ ನೀಲಿಯೂ ಅಲ್ಲ. ಗಣಿಯ ವರ್ಕ್‌ಶಾಪಿನಲ್ಲಿ ಕಲಿತ ಕೈ, ಮಾಡಿದ ಕೆಲಸ ಕಣ್ಣಿಗೆ ಚೆಂದ ಕಾಣಬೇಕು. ರೆಕ್ಕೆ ಮಡಚಿ ನಿಲ್ಲಿಸಿತ್ತು, ಗೂಟ ತಲೆ ಎತ್ತಿತ್ತು. ಅಷ್ಟು ಚೆಂದದ ರೆಕ್ಕೆಯಲ್ಲಿ ಯಾವುದೋ ಹಳೆಯ ಕೆಂಪು ಕಲೆ ಉಳಿದುಬಿಟ್ಟಿದೆ ಅಂದುಕೊಂಡರು. ಅದಕ್ಕೂ ಬಳಿದುಬಿಟ್ಟರು.

"ಕಲೆ ಇಲ್ಲದ ಹಾಗೆ ಬಳಿದೆ ಕಣಪ್ಪ. ಬಲು ನೀಟಾಗಿ..."

ಮಧ್ಯಾಹ್ನ ವಿಮಾನ ತೆಗೆದುಕೊಂಡು ಹೋಗಲು ಒಬ್ಬ ಹುಡುಗ ಬಂದ. ಇಪ್ಪತ್ತು ವರ್ಷ ಇದ್ದಾನು. ಬಿಸಿಲಿಗೆ ಮೂಗಿನ ಮೇಲಿನ ಸಿಪ್ಪೆ ಸುಲಿದಿತ್ತು. ರೆಕ್ಕೆಯನ್ನು ಸವರಿ ನೋಡಿ, ಮೇಸ್ತ್ರಿಯ ಬೆನ್ನು ತಟ್ಟಿ, ಒಂದು ಸಿಗರೇಟು ಕೊಟ್ಟ. ಕಣ್ಣೆದುರೇ ಹಾರಿ ಹೋದ. ಅಲ್ಲಿಂದ ಸಮುದ್ರಕ್ಕೆ, ಹಡಗಿಗೆ, ರೆಕ್ಕೆಯನ್ನು ದಿನಾ ಮಡಚಿ ಬಿಚ್ಚುವ ಜಾಗಕ್ಕೆ.

ಮರುದಿನ ಬೆಳಿಗ್ಗೆ ಜ್ವರ ಬಿಟ್ಟ ಪೇಂಟರು ಇನ್ನೊಂದು ವಿಮಾನದ ಗೂಟಕ್ಕೆ ಕೆಂಪು ಹಚ್ಚುತ್ತಿದ್ದ. ಇದಕ್ಕೊಂದಕ್ಕೆ ಯಾಕಣ್ಣ ಕೆಂಪು ಅಂತ ಮೇಸ್ತ್ರಿ ಕೇಳಿದರು. ಅವನು ಹೇಳಿದ. ಆ ಮಾತು ಕೇಳಿದ್ದೇ ತಡ, ಮೇಸ್ತ್ರಿ ಓಡಿಹೋಗಿ ಮೇಲಿನ ಇಂಗ್ಲಿಷ್ ಸಾಹೇಬನಿಗೆ ಹೇಳಿದರು. ಕೆಲಸ ಹೋದರೂ ಹೋಗಲಿ, ಜೈಲಾದರೂ ಆಗಲಿ ಅಂತ ಎಲ್ಲ ಹೇಳಿದರು. ಸಾಹೇಬ ಬೈಯಲಿಲ್ಲ. ಹಡಗಿಗೆ ತಂತಿ ಕಳಿಸಿದ. ತಂತಿ ಹೋಯಿತು. ಉತ್ತರ ಇವರಿಗೆ ಬರಲಿಲ್ಲ. ಮೂರು ದಿನಕ್ಕೊಮ್ಮೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಸಾಹೇಬ ತಲೆ ಅಲ್ಲಾಡಿಸುತ್ತಿದ್ದ. ಆಮೇಲೆ ಆ ಸಾಹೇಬನಿಗೂ ವರ್ಗವಾಯಿತು. ಆಮೇಲೆ ಯುದ್ಧವೇ ಮುಗಿಯಿತು.

"ಒಳಗೂ ಒಂದು ಹಿಡಿ ಇತ್ತು ಕಣಪ್ಪ, ಬೀಗದ್ದು. ಅದನ್ನ ನೋಡ್ಕೊಂಡಿರ್ತಾನೆ. ಹಡಗಿನವರೂ ನೋಡಿರ್ತಾರೆ. ನೋಡಿರ್ತಾರೆ, ಅಲ್ವಾ?"

ಹೂಂ ಅಂದೆ. ಅವರಿಗೆ ಬೇಕಾಗಿದ್ದದ್ದು ನನ್ನ ಹೂಂ ಅಲ್ಲ. ಆ ಮೂಗು ಸುಲಿದ ಹುಡುಗ ಬದುಕಿದನೋ ಇಲ್ಲವೋ, ಅದೊಂದು. ಜೀವಮಾನವೆಲ್ಲ ಅವರಿಗೆ ಬೇಕಾಗಿದ್ದ ಸುದ್ದಿ ಅದೊಂದೇ.

ಯುದ್ಧ ಮುಗಿದ ಮೇಲೆ ಆ ಕಡ ತಂದ ವಿಮಾನಗಳನ್ನು ಅಮೆರಿಕಾಕ್ಕೆ ವಾಪಸು ಕೊಡಬೇಕು, ಇಲ್ಲ ಬೆಲೆ ಕಟ್ಟಿಕೊಡಬೇಕು ಅನ್ನುವ ಪ್ರಶ್ನೆ ಬಂತಂತೆ. ಎರಡೂ ಬೇಡ ಅಂತ ಎಷ್ಟೋ ವಿಮಾನಗಳನ್ನು ಹಡಗಿನಲ್ಲಿ ಒಯ್ದು ನಡುಸಮುದ್ರಕ್ಕೆ ತಳ್ಳಿಬಿಟ್ಟರಂತೆ. ಗಟ್ಟಿಮುಟ್ಟಾದ, ಹಾರುವ ವಿಮಾನಗಳು. ಯಾರ್ಡಿನ ಹುಡುಗರು ಕೆಲವರು ಅದನ್ನು ಕೇಳಿ ಅತ್ತರು. "ನಾನು ಅಳಲಿಲ್ಲ" ಅಂದರು ಮೇಸ್ತ್ರಿ. "ನನ್ನ ಬೆಕ್ಕೂ ಆ ಗುಂಪಲ್ಲಿ ಇರ್ಲಪ್ಪಾ ಅಂತ ಕೈ ಮುಗಿದೆ. ಅದನ್ನ ತಳ್ಳೋವರೆಗೂ ಅದು ಹಡಗಿನ ಮೇಲೆ ಇತ್ತು ಅಂದ್ರೆ... ಆ ಹುಡುಗ ಅದನ್ನ ಇಳಿಸಿದ್ದ ಅಂತ ಅಲ್ವಾ?"

ತಾನು ಕೈಯಾರೆ ತೇಪೆ ಹಾಕಿದ ವಿಮಾನ ಸಮುದ್ರದ ತಳದಲ್ಲಿರಲಿ ಅಂತ ಹರಕೆ ಹೊತ್ತವರನ್ನು ನಾನು ಅವರೊಬ್ಬರನ್ನೇ ಕಂಡಿದ್ದೇನೆ.

ಅದೇ ಕೊರಗಿನಲ್ಲಿ ಊರಿಗೆ ಬಂದವರು ಕೆಂಪು ಬಟ್ಟೆಯ ಪದ್ಧತಿ ಹಿಡಿದರು. ಆ ದಿನ ಆ ಕೆಂಪೂ ಅವರದೇ ಗ್ರೀಸಿನಲ್ಲಿ ಕರ್ರಗಾಗಿತ್ತು. ಮರುದಿನದಿಂದ ವಾರಕ್ಕೊಮ್ಮೆಯ ಒಗೆತ ದಿನಾ ಆಯಿತು. ಕೆಲಸ ಎಷ್ಟೇ ಇರಲಿ, ಸಾಯಂಕಾಲ ಹನ್ನೆರಡು ಚೂರೂ ಸೀಮೆಎಣ್ಣೆಯಲ್ಲಿ ಮುಳುಗಿ, ಸೋಪು ಕಂಡು, ತಂತಿಗೆ ಏರಬೇಕು. ಹೂವಿನ ಹೆಂಗಸರು, "ಕೂಸಿಗೆ ಭೇದಿ ಹತ್ತಿದೆ ಅನ್ನಿ ಮೇಸ್ತ್ರಿ" ಅಂದರು. ಅಲ್ಲಿಂದಾಚೆಗೆ ಬಸ್ಸಿನ ಅಡಿಗೆ ಹೋಗಿ ಒಂದೊಂದು ಕೀಲೂ ಮುಟ್ಟಿ ಬರುವುದು ನನ್ನ ಪಾಲಿಗೂ ಬಂತು. ಡ್ರೈವರ್ ಆದವನು ಮೈ ಮಣ್ಣು ಮಾಡಿಕೊಳ್ಳುವುದೇ ಅಂತ ಮುಖ ಸಿಂಡರಿಸುತ್ತಿದ್ದವನು ನಾನು. ಆಮೇಲೆ ನನ್ನ ಕೈ ಮುಟ್ಟದ ಬಸ್ಸನ್ನು ನಾನು ಹತ್ತಿದ್ದೇ ಇಲ್ಲ.

ಒಂದು ಸಲ ಧೈರ್ಯ ಮಾಡಿ ಹೇಳಿದ್ದೆ. "ಮೇಸ್ತ್ರೀ, ಆ ಹುಡುಗ ಏನಾದ್ನೋ ನನಗೂ ಗೊತ್ತಿಲ್ಲ. ಆದ್ರೆ ಆ ದಿನ ಏರಿ ಮೇಲೆ ನಾವು ಐವತ್ತು ಜನ ದಾಟಿದ್ವಿ. ಕೋಳಿ ಬೇರೆ."

ನಕ್ಕರು. ಕಿವಿಯಿಂದ ಬೀಡಿ ತೆಗೆದು ಹಚ್ಚಿದರು. "ಒಳ್ಳೇದಪ್ಪಾ. ಆದ್ರೆ ಅದು ಬೇರೆ ಲೆಕ್ಕ" ಅಂದರು.

ಹೌದು. ಅದು ಬೇರೆ ಲೆಕ್ಕ. ಅವರಿಗೆ ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ. ಅವರ ಕೊರಗಿನಿಂದ ಬದುಕಿಕೊಂಡವನು ನಾನು. ನನ್ನ ಮದುವೆ, ಮಕ್ಕಳು, ಈ ಮೊಮ್ಮಗಳು, ಎಲ್ಲ ಆ ಮಧ್ಯಾಹ್ನದ ಆಚೆ ಬಂದದ್ದು. ಕೊಯಮತ್ತೂರಿನ ಯಾರ್ಡಿನಲ್ಲಿ ಒಂದು ಗೂಟಕ್ಕೆ ತಪ್ಪು ಬಣ್ಣ ಬಿದ್ದದ್ದರಿಂದ ಶ್ರೀನಿವಾಸಪುರದ ಶೆಡ್ಡಿನಲ್ಲಿ ನನ್ನ ಆಯುಸ್ಸು ಬರೆದಿತ್ತು ಅಂತ ಹೇಳಿದರೆ ಯಾರು ನಂಬುತ್ತಾರೆ?

ಮೇಸ್ತ್ರಿ ಹೋದ ದಿನ ನಾನು ಟ್ರಿಪ್ಪಿನ ಮೇಲಿದ್ದೆ. ಸುದ್ದಿ ರಾಯಲ್ಪಾಡಿನಲ್ಲಿ ಸಿಕ್ಕಿತು. ತಿರುಗಿ ಬರುವಾಗ ಏರಿಯ ಮೇಲೆ ಅವರು ಹೇಳಿದಷ್ಟೇ ನಿಧಾನವಾಗಿ ಬಂದೆ. ಶ್ರೀನಿವಾಸಪುರ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮುಖ ಸಿಗಲಿಲ್ಲ. ಶೆಡ್ಡಿನ ಮುಂದೆ ತಂತಿಯ ಮೇಲೆ ಹಿಂದಿನ ಸಾಯಂಕಾಲ ಹರಡಿದ ಹನ್ನೆರಡು ಚೂರುಗಳು ಒಣಗಿ ಆಡುತ್ತಿದ್ದವು. ಎಣಿಸಿದೆ. ಎಲ್ಲವೂ ಇದ್ದವು. ತೆಗೆದು ಡಬ್ಬಿಗೆ ಹಾಕಿ ಅವರ ಮಗಳ ಕೈಗೆ ಕೊಟ್ಟೆ.

ಇಷ್ಟನ್ನೂ ಹೋದ ಭಾನುವಾರ ಜಗಲಿಯ ಮೇಲೆ ಹೇಳಿದೆ. ಅವರೆಕಾಯಿ ಹಾಗೇ ಉಳಿದಿತ್ತು. ಮೊಮ್ಮಗಳು ಫೋನು ತೆಗೆದು, "ಆ ವಿಮಾನದ ನಂಬರ್ ಏನು ತಾತ? ಹುಡುಕ್ತೀನಿ. ಈಗ ಎಲ್ಲಾ ಸಿಗುತ್ತೆ" ಅಂದಳು. ನಂಬರು ಮೇಸ್ತ್ರಿಗೆ ಗೊತ್ತಿದ್ದಿರಬೇಕು. ನಾನೇ ಕೇಳಿರಲಿಲ್ಲ. ಅಷ್ಟು ವರ್ಷ ದಿನಾ ಮುಖ ನೋಡಿಯೂ ಕೇಳಿರಲಿಲ್ಲ. ಅವಳು ಫೋನಿನಲ್ಲಿ ಆ ವಿಮಾನದ ಚಿತ್ರ ಮಾತ್ರ ತೋರಿಸಿದಳು. ಹಡಗಿನ ಮೇಲೆ ಸಾಲಾಗಿ ರೆಕ್ಕೆ ಮಡಚಿ ಕೂತಿದ್ದವು. ಮೇಸ್ತ್ರಿ ತೋಳು ಮಡಚಿ ತೋರಿಸುತ್ತಿದ್ದ ಹಾಗೇ, ಥೇಟು ಕೋಳಿ...

ಆ ಕರೀ ಚೂರನ್ನು ಜಗಲಿಯ ಮೇಲೇ ಮರೆತು ಊಟಕ್ಕೆ ಎದ್ದೆ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಬಂದು ನೋಡಿದರೆ ಇಲ್ಲ. ಹೆಂಡತಿಯನ್ನು ಕೇಳಿದೆ. "ಅದಾ? ಇಷ್ಟು ವರ್ಷ ಆ ಕೊಳೇ ಇಟ್ಕೊಂಡಿದ್ದೀರಲ್ಲ, ಆ ಮೇಸ್ತ್ರಿ ನೋಡಿದ್ರೆ ನಿಮ್ಮನ್ನ ಬಿಡ್ತಿದ್ರಾ?" ಅಂದಳು. ಯಾವ ಮೂಲೆಯಿಂದಲೋ ಸೀಮೆಎಣ್ಣೆ ಹುಡುಕಿ ನೆನೆಹಾಕಿ, ಆಮೇಲೆ ಸೋಪು ಹಚ್ಚಿ ಉಜ್ಜಿದ್ದಳು.

ಹಿತ್ತಲಿಗೆ ಹೋದೆ. ತಂತಿಯ ಮೇಲೆ, ಸೊಸೆಯ ದುಪ್ಪಟ್ಟಾದ ಪಕ್ಕ, ಅಂಗೈಯಷ್ಟು ಬಟ್ಟೆ ಒಣಗುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಗ್ರೀಸಿಲ್ಲ, ಬೀಡಿಯಿಲ್ಲ, ಬರೀ ಸೋಪಿನ ವಾಸನೆ.

ಬಟ್ಟೆ ಮಾತ್ರ ಕೆಂಪಗಿತ್ತು.